ಸ್ನಾನದ ತೊಟ್ಟಿಯಲ್ಲಿ ತಾಂಬೂಲ

ಸೆಪ್ಟೆಂಬರ್ 3, ಬುಧವಾರ. ಬೆಳಿಗ್ಗೆ

ಸ್ಟೇಷನ್ನಿನಿಂದ ಈಗ ಬಂದೆ. ಸೊಂಟ ಬಿದ್ದುಹೋಗಿದೆ. ಬಾಗು, ಏಳು, ಬಾಗು, ಏಳು — "ಒಹಾಯೋ ಗೊಝೈಮಾಸ್". ತೋಝಾಯ್ ಮೆಟ್ರೋ ಲೈನಿನ ಜನಕ್ಕೆ ತಿರುಗಿ ನಮಸ್ಕಾರ ಹೇಳಲು ಪುರುಸೊತ್ತೆಲ್ಲಿ? ಎಲ್ಲರ ಕಣ್ಣೂ ಟಿಕೆಟ್ ಗೇಟಿನ ಮೇಲೆ. ಒಬ್ಬ ಹುಡುಗಿ ಮಾತ್ರ ಕರಪತ್ರ ತೆಗೆದುಕೊಂಡಳು. ಖುಷಿಯಾಯಿತು. ನೇರ ಕೊಂಬಿನಿ ಅಂಗಡಿಯ ಹತ್ತಿರ ಹೋಗಿ, ನೀಟಾಗಿ ಮಡಿಸಿ, ಕಾಗದಕ್ಕೆ ಅಂತ ಇಟ್ಟಿದ್ದ ಕಸದ ಡಬ್ಬಿಯನ್ನೇ ಹುಡುಕಿ ಹಾಕಿದಳು. ನಗು ಬಂತು. ಆಮೇಲೆ ಬರಲಿಲ್ಲ.

ಪಕ್ಕದಲ್ಲಿ ಬಾವುಟ ಹಿಡಿದು ನೋನಾಕಾ ಸಾನ್. ಅಂಚೆ ಕಚೇರಿಯಲ್ಲಿದ್ದು ರಿಟೈರ್ ಆದವರು, ಪಕ್ಷದ ಹಳೆಯ ಕಾರ್ಯಕರ್ತ. ನನ್ನ ಜೊತೆ ದಿನಾ ನಿಲ್ಲುವ ಏಕೈಕ ಪ್ರಾಣಿ. 'ಲ' ಅವರ ನಾಲಿಗೆಗೆ ಬಾರದು.

"ರೀರಾ ಸಾನ್, ಇನ್ನೂ ಸ್ವಲ್ಪ ಕೆಳಗೆ ಬಾಗಬೇಕು. ಕುರಾಮೋಚಿ ಸಾನ್ ಇಷ್ಟು ಬಾಗ್ತಾರೆ" ಅಂತ ಮಾಡಿ ತೋರಿಸಿದರು. ಟೋಪಿ ಬಿತ್ತು.

ಕುರಾಮೋಚಿ — ನನ್ನ ಎದುರಾಳಿ. ಹಳೆಯ ಎಂ.ಪಿ.ಯ ಸೋದರಳಿಯ, ಮೂವತ್ತನಾಲ್ಕು ವಯಸ್ಸು. ಇನ್ನೊಬ್ಬರು ಹೊತ್ತಾ ಸಾನ್, ಹಿಂದೆ ನರ್ಸ್ ಆಗಿದ್ದವರು. ಮೂರನೆಯವಳು ನಾನು. ಮುಂದಿನ ಸಂಸತ್ ಚುನಾವಣೆಗೆ ನಮ್ಮ ಕ್ಷೇತ್ರದಿಂದ ಪಕ್ಷದ ಟಿಕೆಟ್ ಯಾರಿಗೆ ಅಂತ ನವೆಂಬರಿನಲ್ಲಿ ಒಳಚುನಾವಣೆ. ಸದಸ್ಯರು, ಬೆಂಬಲಿಗರು ಅಂಚೆಯಲ್ಲಿ ಮತ ಹಾಕುತ್ತಾರೆ. ಅಸಲಿ ಚುನಾವಣೆ ಅದರಾಚೆಗೆ. ನಾನಿನ್ನೂ ಹೊಸ್ತಿಲಿನ ಹೊರಗಿದ್ದೇನೆ.

ಕೆಳಗಿನ ಮನೆಯ ಗೆಳತಿ ವಸುಂಧರಾಳ ಗಂಡ ಹರಿಹರ ಅದೇ ಟ್ರೈನಿಗೆ ಓಡುತ್ತಿದ್ದರು. ಓಡುತ್ತಲೇ, "ಏನ್ರೀ ಲೀಲಾ, ಟಿಫನ್ ಆಯ್ತಾ?" ಅಂದರು. ಬೆಳಿಗ್ಗೆಯಿಂದ ನನಗೆ ಸಿಕ್ಕ ಒಂದೇ ಪ್ರಶ್ನೆ.

ಸೆಪ್ಟೆಂಬರ್ 7, ಭಾನುವಾರ

ಎರಡನೇ ಮಹಡಿಗೆ ಇಳಿದು ವಸುಂಧರಾ ಮನೆಯಲ್ಲಿ ಊಟ. ನಾನು ನಾಲ್ಕನೆಯದರಲ್ಲಿ. ಲಿಫ್ಟ್ ಇಲ್ಲದ ಈ ಹಳೆಯ ಬಿಲ್ಡಿಂಗಿನಲ್ಲಿ ಹದಿನೈದು ವರ್ಷದಿಂದ ಹತ್ತಿ ಇಳಿದು ಮಾಡಿದ ಸ್ನೇಹ. ಮಗಳು ಕೃತಿಗೆ ಜ್ವರ ಬಂದಾಗ ಅವಳು, ಅವಳಿಗೆ ಆಪರೇಷನ್ ಆದಾಗ ನಾನು.

ನಾನು ಜಪಾನಿನ ಪೌರತ್ವ ತೆಗೆದುಕೊಂಡಾಗ ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದಳು. "ಇನ್ಮೇಲೆ ನೀನು ಆ ಕಡೆಯೋಳು ಬಿಡೇ" ಅಂದಿದ್ದಳು, ತಮಾಷೆಗೆ. ರದ್ದಾದ ನನ್ನ ಪಾಸ್‌ಪೋರ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ್ದಳು.

ಇವತ್ತು ವಿಷಯ ಹೇಳಿದೆ. ಈ ಪಕ್ಷದಲ್ಲಿ ಬೆಂಬಲಿಗರಾಗಲು ಜಪಾನಿನ ಪೌರರೇ ಆಗಬೇಕಿಲ್ಲ, ಇಲ್ಲಿ ವಾಸ ಇದ್ದರೆ ಸಾಕು, ಒಳಚುನಾವಣೆಯಲ್ಲಿ ನಮ್ಮವರೂ ಮತ ಹಾಕಬಹುದು ಅಂತ.

"ಅಯ್ಯೋ, ಮೊದಲೇ ಹೇಳೋದಲ್ವಾ! ಕನ್ನಡದೋರ ಮನೆಗಳೆಲ್ಲ ನನಗೆ ಬಿಡು. ಗಂಡಸರು ಸೈನ್ ಹಾಕದೆ ಇದ್ರೆ ಹೆಂಡ್ತೀರಿಗೆ ಹೇಳಿ ಊಟ ಕಟ್ ಮಾಡಿಸ್ತೀನಿ. ನೀನು ಆ ಜಪಾನೀಸ್ ಜನಾನ ನೋಡ್ಕೋ."

ಕಣ್ಣು ತುಂಬಿತು. ಅವಳಿಗೆ ಕಾಣದ ಹಾಗೆ ಸಾರು ಬಡಿಸಿಕೊಂಡೆ.

ಮುಂದಿನ ವಾರ ಅವಳ ಅಮ್ಮ ಮೈಸೂರಿನಿಂದ ಬರುತ್ತಾರೆ. ಮೂರು ತಿಂಗಳ ವೀಸಾ. "ಅಮ್ಮಂಗೆ ನಿನ್ನ ಗೊಂಬೆ ತೋರಿಸ್ಬೇಕು ಕಣೆ. ಜಪಾನಲ್ಲಿ ಗೊಂಬೆ ಕೂರಿಸ್ತಾರೆ ಅಂದ್ರೆ ನಂಬ್ತಾನೇ ಇಲ್ಲ."

ಸೆಪ್ಟೆಂಬರ್ 13

ನನ್ನ ಗಂಡ ಮುಕುಂದನ ಫೋನು, ಫುಕುವೋಕಾದಿಂದ. ಕಂಪನಿ ಅವನನ್ನು ಅಲ್ಲಿಗೆ ಹಾಕಿ ಎರಡು ವರ್ಷ. ತಿಂಗಳಿಗೊಮ್ಮೆ ಬರುತ್ತಾನೆ, ಕೆಲವೊಮ್ಮೆ ಅದೂ ಇಲ್ಲ. ಕೃತಿ ಒಸಾಕಾದಲ್ಲಿ ಓದುತ್ತಿದ್ದಾಳೆ. ಮೂರು ಊರು, ಮೂರು ಕುಕ್ಕರು.

"ಲೀಲಾ, ಸೀರಿಯಸ್ಸಾಗಿ ಕೇಳ್ತೀನಿ. ಯಾಕೆ ಇದೆಲ್ಲ?"

ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳಿಕೊಳ್ಳುತ್ತೇನೆ. ಹನ್ನೊಂದು ವರ್ಷ ಈ ಊರಿನ ಶಾಲೆಗಳಲ್ಲಿ ದುಭಾಷಿ ಕೆಲಸ ಮಾಡಿದ್ದೇನೆ. ಇಂಡಿಯಾದ ತಾಯಂದಿರು, ನೇಪಾಳದವರು... ಅವರು ಅತ್ತದ್ದನ್ನು ಟೀಚರಿಗೆ ಜಪಾನಿಯಲ್ಲಿ ಹೇಳಿದೆ, ಟೀಚರ್ ಕ್ಷಮೆ ಕೇಳಿದ್ದನ್ನು ತಾಯಂದಿರಿಗೆ ಹೇಳಿದೆ. ವಿದೇಶಿ ಮಕ್ಕಳು ಶಾಲೆ ಬಿಟ್ಟರೆ ಹುಡುಕಿಕೊಂಡು ಹೋಗಲೇಬೇಕು ಅಂತ ಕಾನೂನು ಯಾರನ್ನೂ ಕಟ್ಟಿಹಾಕುವುದಿಲ್ಲ. "ಹೌದು, ಕಷ್ಟ" ಅಂತ ಟೀಚರ್ ಹೇಳುವುದು, ಅದನ್ನು ನಾನು ದಾಟಿಸುವುದು. ಹನ್ನೊಂದು ವರ್ಷ ಬಾಯಿ ನನ್ನದು, ಮಾತು ಇನ್ನೊಬ್ಬರದು. ಒಂದು ಸಲ, ಒಂದೇ ಸಲ, ನನ್ನ ಮಾತು ಆಡಬೇಕು. ಅಷ್ಟೇ.

ಮುಕುಂದನಿಗೆ ಹೇಳಿದ್ದು: "ಸುಮ್ನೆ."

ಕೃತಿ ಮೆಸೇಜು: "ಮಮ್ಮಿ ಗಂಬಾತ್ತೆ!" ಅಂದರೆ, ಬಿಡಬೇಡ, ಮುಂದುವರಿ ಅಂತ. ಜೊತೆಗೆ ಬಾಗುವ ಕರಡಿಯ ಸ್ಟಿಕ್ಕರು. ಕರಡಿ ನನಗಿಂತ ಚೆನ್ನಾಗಿ ಬಾಗುತ್ತದೆ.

ಸೆಪ್ಟೆಂಬರ್ 23

ಗೊಂಬೆ ಕೂರಿಸಿದೆ. ಒಬ್ಬಳೇ. ಚಪ್ಪಲಿ ಸ್ಟ್ಯಾಂಡು, ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆ, ಮೇಲೆ ಬಿಳಿ ಬೆಡ್‌ಶೀಟು — ಐದು ಮೆಟ್ಟಿಲು. ತುದಿಯಲ್ಲಿ ಅಜ್ಜಿ ಕೊಟ್ಟ ಪಟ್ಟದ ಗೊಂಬೆಗಳು. ರಾಜನ ಮೂಗು ವಿಮಾನದಲ್ಲಿ ಮುರಿದದ್ದು, ಹಾಗೇ ಇದೆ.

ಸಂಜೆ ನೋನಾಕಾ ಸಾನ್ ಒಂದು ಕೆಂಪು ದಾರುಮಾ ತಂದರು. ಕೈಕಾಲಿಲ್ಲದ ದುಂಡನೆಯ ಗೊಂಬೆ, ಕಣ್ಣಿನ ಜಾಗ ಎರಡೂ ಖಾಲಿ. ಕೆಲಸಕ್ಕೆ ಇಳಿಯುವಾಗ ಒಂದು ಕಣ್ಣು ಬರೆಯಬೇಕು, ಗೆದ್ದ ದಿನ ಇನ್ನೊಂದು. ಬ್ರಷ್ ಅದ್ದಿ ಒಂದು ಕಣ್ಣು ಬರೆದೆ. ಬ್ರಷ್ ಜಾರಿ ಸ್ವಲ್ಪ ಸೊಟ್ಟಗಾಯಿತು.

"ಪರವಾಗಿಲ್ಲ. ನಮ್ಮನ್ನ ಓರೆಗಣ್ಣಲ್ಲಿ ನೋಡುತ್ತೆ, ಅಷ್ಟೇ" ಅಂದರು ನೋನಾಕಾ ಸಾನ್. ಅವರು ತಮಾಷೆ ಮಾಡಿದ್ದು ಇದೇ ಮೊದಲು.

ದಾರುಮಾವನ್ನು ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ-ಶೆಟ್ಟಿತಿಯ ಪಕ್ಕ ಕೂರಿಸಿದೆ. ಹೊಂದಿಕೊಂಡಿತು.

ಸೆಪ್ಟೆಂಬರ್ 27, ಶನಿವಾರ. ರಾತ್ರಿ

ಏನು ಮಾಡಿಬಿಟ್ಟೆ.

ಮೊದಲಿನಿಂದ ಬರೆಯುತ್ತೇನೆ. ಇವತ್ತು ಗೊಂಬೆ ಆರತಿ. ನಮ್ಮವರನ್ನೂ ಕರೆದಿದ್ದೆ, ಪಕ್ಷದ ಮಹಿಳಾ ಘಟಕದವರನ್ನೂ ಕರೆದಿದ್ದೆ. ನಿಶಿ-ಕಸಾಯ್‌ನ ಇಂಡಿಯನ್ ಅಂಗಡಿಯಿಂದ ತೆಂಗಿನಕಾಯಿ, ವೀಳ್ಯದೆಲೆ ತಂದು, ಊರಿನಿಂದ ತರಿಸಿದ್ದ ರವಿಕೆ ಕಣ ಮಡಿಸಿ, ಒಂದೊಂದು ಬ್ಯಾಗಿಗೂ ತಾಂಬೂಲ ತುಂಬಿ ಹಾಲ್‌ನಲ್ಲಿ ಸಾಲಾಗಿ ಇಟ್ಟಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತು.

ಮಧ್ಯಾಹ್ನ ನೋನಾಕಾ ಸಾನ್ ಮಡಿಸುವ ಕುರ್ಚಿಗಳನ್ನು ಹೊತ್ತು ತಂದರು. ಬ್ಯಾಗುಗಳನ್ನು ನೋಡಿದರು. ಕುರ್ಚಿ ಕೆಳಗಿಡುವುದನ್ನೇ ಮರೆತು ನಿಂತರು.

"ರೀರಾ ಸಾನ್. ಇದು ಏನು?"

"ಬಂದ ಹೆಂಗಸರಿಗೆ ಕೊಡೋದು. ನಮ್ಮ ಪದ್ಧತಿ."

"ಮನೆಗೆ ತಗೊಂಡು ಹೋಗ್ತಾರಾ?"

"ಹೌದು."

"ಕೊಡೋ ಹಾಗಿಲ್ಲ." ಮುಖ ಬೆಳ್ಳಗಾಗಿತ್ತು. "ಚುನಾವಣೆಗೆ ನಿಲ್ಲಬೇಕು ಅಂತ ಇರೋರು ಕ್ಷೇತ್ರದ ಒಳಗಿರೋ ಯಾರಿಗೂ ಏನನ್ನೂ ಕೊಡೋ ಹಾಗಿಲ್ಲ. ಕಾನೂನು. ಹಣ್ಣಾದ್ರೂ ಅಷ್ಟೇ, ಬಟ್ಟೆಯಾದ್ರೂ ಅಷ್ಟೇ. ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು. ಗೊತ್ತಿರುತ್ತೆ ಅಂದ್ಕೊಂಡೆ."

"ನೋನಾಕಾ ಸಾನ್, ಇದು ಗಿಫ್ಟ್ ಅಲ್ಲ, ದೇವರ ಮುಂದೆ..."

"ಒಳಗೆ ಬಟ್ಟೆ ಇದೆಯಾ?"

"ಇದೆ."

"ಹಾಗಾದ್ರೆ ಆಗಲ್ಲ."

"ನಮ್ಮವರಿಗೆ ಕೊಡ್ತೀನಿ. ಅವರಿಗೆ ಅಸಲಿ ಚುನಾವಣೆಯಲ್ಲಿ ಓಟೇ ಇಲ್ಲ!"

"ಓಟು ಇಲ್ಲದೋರಿಗೂ ಇಲ್ಲ. ಇಲ್ಲೇ ಕೂತು ಟೀ, ತಿಂಡಿ ತಿನ್ನಬಹುದು. ಕೈಗೆ ಕೊಟ್ಟು ಕಳಿಸೋ ಹಾಗಿಲ್ಲ." ಅರಿಶಿನ ಕುಂಕುಮದ ಬಟ್ಟಲನ್ನು ಬಗ್ಗಿ ನೋಡಿದರು. "ಇದು ಹಣೆಗೆ ಹಚ್ಚೋದಾ? ಇದು ಪರವಾಗಿಲ್ಲ."

ಅಷ್ಟರಲ್ಲಿ ಮೆಟ್ಟಿಲಲ್ಲಿ ಹೆಂಗಸರ ದನಿ. ಎಲ್ಲಿಡುವುದು? ಬೀರು ತುಂಬಿದೆ. ಬ್ಯಾಗುಗಳನ್ನು ಬಾಚಿ ಬಾತ್‌ರೂಮಿಗೆ ಒಯ್ದು, ಸ್ನಾನದ ತೊಟ್ಟಿಯೊಳಗೆ ಇಳಿಸಿ, ಮೇಲೆ ಮುಚ್ಚಳ ಎಳೆದೆ. ನೋನಾಕಾ ಸಾನ್ ಒಂದೊಂದಾಗಿ ಕೈಗೆ ಕೊಟ್ಟರು. ಕಳ್ಳರ ಹಾಗೆ, ಇಬ್ಬರೂ.

ಜಪಾನಿ ಹೆಂಗಸರಿಗೆ ಏನೂ ವ್ಯತ್ಯಾಸವಾಗಲಿಲ್ಲ. ಉಸಲಿ ತಿಂದು, ಗೊಂಬೆಗಳ ಫೋಟೋ ತೆಗೆದು, ಬಾಗಿ ಹೋದರು. ನಮ್ಮವರಲ್ಲಿ ಒಬ್ಬಿಬ್ಬರು ಹೊಸಿಲಿನಲ್ಲಿ ಸ್ವಲ್ಪ ತಡೆದು ನಿಂತು, ಏನೂ ಬರದಿದ್ದಾಗ ಚಪ್ಪಲಿ ಹಾಕಿಕೊಂಡರು.

ಕೊನೆಗೆ ವಸುಂಧರಾ, ಅವಳ ಅಮ್ಮ. ಅಮ್ಮನವರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನಾಲ್ಕು ಮಹಡಿ ಕಂಬಿ ಹಿಡಿದುಕೊಂಡು ಹತ್ತಿದ್ದರು. ಗೊಂಬೆ ನೋಡಿ ಹಾಡು ಹೇಳಿದರು. ದಾರುಮಾ ನೋಡಿ, "ಇದ್ಯಾವ ದೇವರಮ್ಮ, ಒಂದೇ ಕಣ್ಣು?" ಅಂತ ನಕ್ಕರು. ವಸುಂಧರಾ ಕೈ ತೊಳೆದುಕೊಂಡು ಬರುತ್ತೇನೆಂದು ಒಳಗೆ ಹೋದಳು. ಬಂದ ಮೇಲೆ ಹೆಚ್ಚು ಮಾತಾಡಲಿಲ್ಲ.

ಹೊರಡುವಾಗ ಕುಂಕುಮ ಕೊಟ್ಟೆ. ಅಮ್ಮನವರು ಹಣೆಗೆ ಇಟ್ಟುಕೊಂಡು, ತಾಳಿಗೆ ಒತ್ತಿಕೊಂಡು, ಆಮೇಲೆ ಅಭ್ಯಾಸಬಲದಿಂದ ಸೆರಗು ಒಡ್ಡಿದರು. ಎರಡೂ ಕೈಯಲ್ಲಿ, ಅಗಲವಾಗಿ.

ನಾನು ನಿಂತೇ ಇದ್ದೆ. ನೋನಾಕಾ ಸಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ಬಾಯಿಂದ ಬಂದದ್ದು — "ಈ ಸಲ ರೂಲ್ಸು ಅಮ್ಮ. ಕೊಡೋ ಹಾಗಿಲ್ಲ."

ಅಮ್ಮನವರು ಸೆರಗನ್ನು ನಿಧಾನವಾಗಿ ಕೆಳಗೆ ಬಿಟ್ಟರು. "ಆಗ್ಲಿ ಬಿಡಮ್ಮ. ಇಲ್ಲಿ ಹಾಗೇನೋ" ಅಂದರು.

ವಸುಂಧರಾ ನನ್ನ ಮುಖ ನೋಡಲಿಲ್ಲ.

ಸೆಪ್ಟೆಂಬರ್ 28

ವಸೂಗೆ ಮೂರು ಮೆಸೇಜು. ಓದಿದ್ದಾಳೆ. ಉತ್ತರ ಇಲ್ಲ. ಕಾನೂನು, ಪಕ್ಷ, ಕ್ಷೇತ್ರ ಅಂತ ಉದ್ದುದ್ದ ಬರೆದೆ. ನೋಟಿಸಿನ ಹಾಗಿತ್ತು. ನನಗೇ ಓದಲಾಗಲಿಲ್ಲ.

ತೊಟ್ಟಿಯಿಂದ ಬ್ಯಾಗು ತೆಗೆದೆ. ಸ್ನಾನ ಮಾಡಬೇಕಲ್ಲ. ಕಾಯಿ ಒಡೆದೆ. ಬೆಳಿಗ್ಗೆ ಚಟ್ನಿ, ಸಂಜೆ ಚಟ್ನಿ.

ಅಕ್ಟೋಬರ್ 2

ವಿಜಯದಶಮಿ. ಬನ್ನಿ ಕೊಡಲೂ ಯಾರಿಲ್ಲ. ಪಟ್ಟದ ಗೊಂಬೆಗಳನ್ನು ಮಲಗಿಸಿದೆ. ಕನ್ನಡ ಗ್ರೂಪಿನಲ್ಲಿ ಎಲ್ಲರಿಗೂ ಎಲ್ಲರ ಶುಭಾಶಯ. ನನ್ನದರ ಕೆಳಗೆ ಒಂದು ಹೆಬ್ಬೆರಳೂ ಇಲ್ಲ.

ದಾರುಮಾ ಒಂದನ್ನೇ ಹೊರಗೆ ಬಿಟ್ಟಿದ್ದೇನೆ. ಟಿ.ವಿ. ಮೇಲಿಂದ ಓರೆಗಣ್ಣಲ್ಲಿ ನೋಡುತ್ತದೆ.

ಅಕ್ಟೋಬರ್ 19

ಮೂವರೂ ಅಭ್ಯರ್ಥಿಗಳ ಭಾಷಣ ಸಭೆ. ಕಮ್ಯುನಿಟಿ ಹಾಲ್, ಒಳಗೆ ಹೋಗುವಾಗ ಚಪ್ಪಲಿ ಬಿಚ್ಚಿ ಅವರು ಕೊಟ್ಟ ಸ್ಲಿಪ್ಪರು. ಕುರಾಮೋಚಿ ಎಲ್ಲರ ಹೆಸರು ಹಿಡಿದು ಮಾತಾಡಿಸುತ್ತಾನೆ, ಅವರ ನಾಯಿಗಳ ಹೆಸರೂ ಗೊತ್ತು. ಒಳ್ಳೆಯ ಹುಡುಗನೇ. ಅದೇ ಹೊಟ್ಟೆ ಉರಿ.

ನಾನು ಶಾಲೆಗಳ ಬಗ್ಗೆ ಮಾತಾಡಿದೆ. ಚೀಟಿ ನೋಡದೆ. ಚೆನ್ನಾಗಿ ಬಂತು — ನನಗೆ ಗೊತ್ತು, ಚೆನ್ನಾಗಿ ಬಂತು. ಹೊತ್ತಾ ಸಾನ್ ಕೂಡ ಚಪ್ಪಾಳೆ ತಟ್ಟಿದರು.

ಆಮೇಲೆ ಪ್ರಶ್ನೆ. ಹಿರಿಯರೊಬ್ಬರು ಎದ್ದು, ಬಹಳ ವಿನಯದಿಂದ: "ಸುಮಿಮಾಸೆನ್, ಕ್ಷಮಿಸಿ. ರೀರಾ ಸಾನ್, ನಿವೃತ್ತಿ ಆದ ಮೇಲೆ ವಾಪಸ್ ಹೋಗ್ತೀರಾ?"

"ಎಲ್ಲಿಗೆ?" ಅಂದೆ.

ಸಭೆ ನಕ್ಕಿತು. ನಾನು ನಗಿಸಲು ಹೇಳಿದ್ದಲ್ಲ.

ನೋನಾಕಾ ಸಾನ್ ಲೆಕ್ಕ ಹಾಕಿದರು. ಜಪಾನಿ ಸದಸ್ಯರಲ್ಲಿ ಕುರಾಮೋಚಿ ಮುಂದೆ, ನಾನು ಸ್ವಲ್ಪ ಹಿಂದೆ. ನಮ್ಮವರ ಮತ ಪೂರ್ತಿ ಬಿದ್ದರೆ ಗೆಲ್ಲಬಹುದು. "ನಿಮ್ಮ ಸ್ನೇಹಿತೆ ಗಟ್ಟಿಯಾಗಿ ಇದ್ದಾರಲ್ಲ?"

"ಇದ್ದಾಳೆ" ಅಂದೆ. ಸುಳ್ಳು.

ನವೆಂಬರ್ 4. ಬೆಳಿಗ್ಗೆ

ಕಸ ಹಾಕುವ ಜಾಗದಲ್ಲಿ ವಸುಂಧರಾ ಸಿಕ್ಕಳು. ಇವತ್ತು ಸುಡುವ ಕಸದ ದಿನ. ಇಬ್ಬರ ಕೈಯಲ್ಲೂ ಚೀಲ. ಮತಪತ್ರಗಳು ಮನೆಮನೆಗೆ ಬಂದಿವೆ.

"ವಸೂ, ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ."

"ಆವತ್ತಿಂದು... ನಿನಗೆ ಬರೆದಿದ್ನಲ್ಲ..."

"ಓದಿದೆ. ಕಾನೂನು. ಗೊತ್ತಾಯ್ತು." ಕಾಗೆ ಎಳೆಯದ ಹಾಗೆ ಚೀಲದ ಮೇಲೆ ಬಲೆ ಎಳೆದು ಮುಚ್ಚಿದಳು. "ಪೋಸ್ಟ್ ಮಾಡ್ತೀವಿ ಬಿಡು."

ಬಹುವಚನ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಮ್ಮನವರನ್ನು ನೋಡಲು ಬರುತ್ತೇನೆ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಮೆಟ್ಟಿಲು ಹತ್ತಿಬಿಟ್ಟಿದ್ದಳು. ಅವಳ ಚಪ್ಪಲಿ ಶಬ್ದ ಯಾವತ್ತೂ ಜೋರು. ಹಿಮ್ಮಡಿಗೆ ಪಟ್ ಪಟ್ ಅಂತ ಹೊಡೆಯುತ್ತದೆ. ಎರಡನೇ ಮಹಡಿಯಲ್ಲಿ ನಿಂತಿತು.

ನವೆಂಬರ್ 16, ಭಾನುವಾರ

ಸೋತೆ.

ಅರವತ್ತೊಂದು ಮತದ ಅಂತರ. ಕುರಾಮೋಚಿ, ನಾನು, ಹೊತ್ತಾ ಸಾನ್ — ಈ ಕ್ರಮ. ಎಣಿಕೆ ಮುಗಿದಾಗ ಕುರಾಮೋಚಿ ಮೊದಲು ನನ್ನ ಹತ್ತಿರವೇ ಬಂದ. ಸೊಂಟದವರೆಗೂ ಬಾಗಿದ. ನಾನೂ ಬಾಗಿದೆ. ಅವನಿಗಿಂತ ಕೆಳಗೆ. ಈಗ ಚೆನ್ನಾಗಿ ಬರುತ್ತದೆ.

ನೋನಾಕಾ ಸಾನ್ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, "ನನ್ನ ಶಕ್ತಿ ಸಾಲಲಿಲ್ಲ" ಅಂದರು. ಎಪ್ಪತ್ತು ದಾಟಿದ ಮನುಷ್ಯ. ನನಗೆ ಬೆಳಗಿನ ಚಳಿಯಲ್ಲಿ ಬಾವುಟ ಹಿಡಿದವರು. ಕಾಲಿಗೆ ಬೀಳೋಣ ಅನ್ನಿಸಿತು. ಇಲ್ಲಿ ಹಾಗೆ ಮಾಡುವುದಿಲ್ಲ.

ಮುಕುಂದ: "ಬಿಡು, ಹೋಗ್ಲಿ. ಊಟ ಮಾಡಿದ್ಯಾ?"

"ಆಯ್ತು." ಆಗಿರಲಿಲ್ಲ.

"ಮುಂದಿನ ವೀಕೆಂಡ್ ಬರ್ಲಾ?"

ಬಾ ಅನ್ನಬೇಕಿತ್ತು. "ಬೇಡ, ಟಿಕೆಟ್ ದುಬಾರಿ" ಅಂದೆ. ಅವನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ನವೆಂಬರ್ 17. ಬೆಳಿಗ್ಗೆ

ಸೋತವರೂ ಮಾರನೆಯ ಬೆಳಿಗ್ಗೆ ಸ್ಟೇಷನ್ನಿನ ಮುಂದೆ ನಿಂತು ಜನಕ್ಕೆ ಕೃತಜ್ಞತೆ ಹೇಳುವುದು ರೂಢಿ. ಹೋದೆ. ಬಾವುಟ ಇಲ್ಲ, ಹೆಗಲಿಗೆ ಹೆಸರಿನ ಪಟ್ಟಿ ಇಲ್ಲ. ನೋನಾಕಾ ಸಾನ್‌ಗೆ ಬರಬೇಡಿ ಅಂದಿದ್ದೆ. ಕಪ್ಪು ಕೋಟು ಹಾಕಿಕೊಂಡು ಒಬ್ಬಳೇ ಬಾಗಿದೆ, "ಅರಿಗಾತೋ ಗೊಝೈಮಾಶ್ತಾ".

ಯಾವುದಕ್ಕೆ ಅರಿಗಾತೋ ಅಂತ ಯಾರಿಗೆ ಗೊತ್ತು? ಪಕ್ಷದೊಳಗೆ ಒಂದು ಚುನಾವಣೆ ನಡೆಯಿತು ಅನ್ನುವುದೇ ಈ ಜನಕ್ಕೆ ತಿಳಿಯದು. ಒಬ್ಬ ಅಜ್ಜಿ ನಿಂತು, "ಏನಾದ್ರೂ ಕಳ್ಕೊಂಡ್ರಾ? ಪೊಲೀಸ್ ಬೂತ್ ಆ ಕಡೆ ಇದೆ" ಅಂದರು. ಬಾಗಿದವಳು ನೆಲದಲ್ಲಿ ಹುಡುಕುತ್ತಿದ್ದೇನೆ ಅಂದುಕೊಂಡಿರಬೇಕು.

"ಇಲ್ಲ, ಏನೂ ಇಲ್ಲ" ಅಂದೆ. ಅಜ್ಜಿ ಹೋದ ಮೇಲೆ ಅಳು ಬಂತು. ಸ್ಟೇಷನ್ನಿನ ಕಂಬದ ಹಿಂದೆ ಹೋಗಿ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಬಂದು ಟ್ರೈನುಗಳು ಖಾಲಿಯಾಗುವವರೆಗೂ ಬಾಗಿದೆ. ಹೊರಟಮೇಲೆ ಪೂರ್ತಿ ಮಾಡಬೇಕು.

ನವೆಂಬರ್ 29

ಹರಿಹರ ಮೆಟ್ಟಿಲಲ್ಲಿ ಸಿಕ್ಕರು. ಅಕ್ಕಿ ಮೂಟೆ ಹೊತ್ತಿದ್ದರು. ಇಳಿಸಿ, ಆ ಕಡೆ ಈ ಕಡೆ ನೋಡಿ:

"ಲೀಲಾ, ನನಗೆ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ. ನಮ್ಮನೆ ಬ್ಯಾಲೆಟ್ ಎರಡೂ ಡ್ರಾಯರಲ್ಲೇ ಇವೆ. ಬೇರೆಯೋರೂ ತುಂಬ ಜನ ಹಾಕ್ಲಿಲ್ಲ. ವಸೂ ಯಾರಿಗೂ ಹಾಕ್ಬೇಡಿ ಅಂದಿಲ್ಲ, ಅದು ಸತ್ಯ. ಆದ್ರೆ ಹಾಕಿ ಅಂತಾನೂ ಅನ್ಲಿಲ್ಲ. ಜ್ಞಾಪಿಸದೆ ಇದ್ರೆ ನಮ್ಮ ಜನ ಹಾಕ್ತಾರಾ?"

"ತಾಂಬೂಲ ಕೊಡಲಿಲ್ಲ ಅಂತಲೇನ್ರೀ? ಕಾನೂನು ಅಂತ ಬರೆದಿದ್ನಲ್ಲ!"

"ಕೊಡಲಿಲ್ಲ ಅಂತ ಅಲ್ಲ." ಅಕ್ಕಿ ಮೂಟೆಯ ಮೇಲೆ ಕೈಯಾಡಿಸಿದರು. "ಆವತ್ತು ಕೈ ತೊಳ್ಯೋಕೆ ಹೋದಾಗ ಟಬ್ಬಿನ ಮುಚ್ಚಳ ಸರಿದಿತ್ತಂತೆ. ನೋಡಿದ್ಲು. ಬ್ಯಾಗೆಲ್ಲ ಒಳಗಿತ್ತು. ಜಪಾನೀಸ್ ಲೇಡೀಸ್‌ಗೆ ಕೊಟ್ಟು, ಉಳಿದದ್ದನ್ನ ಅಮ್ಮನ ಕಣ್ಣಿಗೆ ಬೀಳ್ದೆ ಇರಲಿ ಅಂತ ಮುಚ್ಚಿಟ್ಟಿದೀರ ಅಂದ್ಕೊಂಡ್ಲು. ಅಮ್ಮ ಸೆರಗೊಡ್ಡಿದಾಗ ನೀವು ರೂಲ್ಸು ಅಂದ್ರಲ್ಲ... ಆವತ್ತು ರಾತ್ರಿಯೆಲ್ಲ ಅತ್ಲು."

ಮೆಟ್ಟಿಲ ಮೇಲೇ ಕೂತೆ. ಯಾರಿಗೂ ಕೊಡಲಿಲ್ಲ, ಒಂದನ್ನೂ ಕೊಡಲಿಲ್ಲ, ಕಾಯೆಲ್ಲ ನಾನೊಬ್ಬಳೇ ತಿಂದೆ ಅಂತ ಹೇಳಿದೆ. ಹರಿಹರ ತಲೆ ತಗ್ಗಿಸಿದರು. "ಹೇಳ್ತೀನಿ ಅವಳಿಗೆ."

ಮನೆಗೆ ಬಂದ ಮೇಲೆ ಸಿಟ್ಟು ನೆತ್ತಿಗೇರಿತು. ಹದಿನೈದು ವರ್ಷ! ಒಂದು ಮಾತು ಕೇಳಬಹುದಿತ್ತಲ್ಲ ಇವಳು! ಏನೇ ಲೀಲಾ ಇದು, ಟಬ್ಬಲ್ಲಿ ಯಾಕೆ ಇಟ್ಟಿದೀಯ ಅಂತ ಒಂದು ಮಾತು! ಹೋಗುವುದಿಲ್ಲ. ಅವಳೇ ಬರಲಿ.

...ನಾನೂ ಒಂದು ಮಾತು ಹೇಳಬಹುದಿತ್ತು. ಅಡುಗೆಮನೆಗೆ ಕರೆದು, ಕಿವಿಯಲ್ಲಿ. ಊರಿನವರ ಮಾತನ್ನೆಲ್ಲ ದಾಟಿಸುವವಳು ನನ್ನ ಮಾತನ್ನು ಎರಡು ಮಹಡಿ ಕೆಳಗೆ ದಾಟಿಸಲಿಲ್ಲ.

ಡಿಸೆಂಬರ್ 12

ಅವಳ ಅಮ್ಮ ಹೊರಟರು. ಬಾಲ್ಕನಿಯಿಂದ ನೋಡಿದೆ. ಟ್ಯಾಕ್ಸಿ, ಎರಡು ಸೂಟ್‌ಕೇಸು. ಸ್ವೆಟರಿನ ಮೇಲೆ ಶಾಲು. ಕೂರುವ ಮೊದಲು ತಲೆ ಎತ್ತಿ ಬಿಲ್ಡಿಂಗನ್ನು ನೋಡಿದರು. ನಾನು ಒಣಹಾಕಿದ್ದ ಟವೆಲಿನ ಹಿಂದೆ ಸರಿದೆ.

ಯಾಕೆ ಸರಿದೆನೋ. ಇಳಿದು ಓಡಬಹುದಿತ್ತು. ಸೋತಾಗಿತ್ತು, ಕೊಡಬಹುದಿತ್ತು. ಅವಳೇ ಬರಲಿ ಅಂತ ಕೂತಿದ್ದೆ, ಬಂದಿರಲಿಲ್ಲ. ರವಿಕೆ ಕಣ ಬೀರುವಿನಲ್ಲೇ ಇತ್ತು. ಟ್ಯಾಕ್ಸಿ ಹೋಯಿತು.

ಡಿಸೆಂಬರ್ 21

ನೋನಾಕಾ ಸಾನ್ ಬಂದಿದ್ದರು. ಪಕ್ಷದ ಶಾಖೆಯವರು ಕೇಳಿ ಕಳಿಸಿದ್ದಾರೆ: ನಗರಸಭೆ ಚುನಾವಣೆಗೆ ನಿಲ್ಲುತ್ತೀರಾ? ಅಲ್ಲಿ ನಿಮಗೆ ಟಿಕೆಟ್ ಖಚಿತ. ಜನವರಿ 14ರ ಸಂಜೆ ಏಳಕ್ಕೆ ಮೀಟಿಂಗು, ಆಗ ಫೋನ್ ಮಾಡುತ್ತಾರೆ, ಹೇಳಬೇಕು.

ಶಾಲೆಗಳ ವಿಷಯ ನಗರಸಭೆಗೂ ಬರುತ್ತದೆ. ಸಂಸತ್ತಿಗಿಂತ ಅಲ್ಲಿಯೇ ಹೆಚ್ಚು ಅಂದರು. ನಿಜ. ಕೂಡಲೇ ಇನ್ನೊಂದು ನೆನಪಾಯಿತು.

"ನೋನಾಕಾ ಸಾನ್, ಹೂಂ ಅಂದ ದಿನದಿಂದ ಮತ್ತೆ ಯಾರಿಗೂ ಏನೂ ಕೊಡೋ ಹಾಗಿಲ್ಲ ಅಲ್ವಾ?"

"ಹೂಂ ಅನ್ನೋದಲ್ಲ. ನಿಲ್ಲಬೇಕು ಅಂತ ಮನಸ್ಸು ಮಾಡಿದ ದಿನದಿಂದ."

"ನಾನಿನ್ನೂ ಮನಸ್ಸು ಮಾಡಿಲ್ಲ."

ನನ್ನನ್ನೇ ನೋಡಿದರು. ಆಮೇಲೆ ದಾರುಮಾವನ್ನು ನೋಡಿದರು. "ಹಾಗಾದ್ರೆ ಮಾಡಬೇಡಿ. ಹದಿನಾಲ್ಕರವರೆಗೂ" ಅಂದರು.

ಜನವರಿ 3

ಕೃತಿ ರಜಕ್ಕೆ ಬಂದಿದ್ದಾಳೆ. ಮುಕುಂದ ಎರಡು ದಿನ ಇದ್ದು ಹೋದ. ಮನೆಯಲ್ಲಿ ಎರಡು ದಿನ ಟಿ.ವಿ. ಶಬ್ದ ಇತ್ತು.

ಬೀರು ತೆಗೆದು ರವಿಕೆ ಕಣದ ರಾಶಿ ನೋಡಿ ಕೃತಿ, "ವಾಟ್ ಇಸ್ ಆಲ್ ದಿಸ್?" ಅಂದಳು. ಎಲ್ಲ ಹೇಳಿದೆ. ತೊಟ್ಟಿ, ಸೆರಗು, ಟ್ಯಾಕ್ಸಿ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಕಡಿಮೆ. ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು:

"ಅಮ್ಮ, ಇದು ಕೊಡು. ಯಾಕೆ ಇಟ್ಕೊಂಡೆ? ವಸು ಆಂಟಿ ಅಲ್ಲೇ ಇದ್ದಾಳೆ ಅಲ್ವಾ, ಕೆಳಗೆ."

ಜನವರಿ 14. ಸಂಕ್ರಾಂತಿ. ಸಂಜೆ 6.40

ಬೆಳಿಗ್ಗೆಯಿಂದ ಎಳ್ಳು ಹುರಿದೆ, ಕೊಬ್ಬರಿ ಹೆಚ್ಚಿದೆ, ಬೆಲ್ಲ ಕತ್ತರಿಸಿ ಬೆರಳಿನಲ್ಲಿ ಬೊಬ್ಬೆ. ಸಕ್ಕರೆ ಅಚ್ಚು ಇಲ್ಲಿ ಸಿಗುವುದಿಲ್ಲ, ನಕ್ಷತ್ರದ ಆಕಾರದ ಜಪಾನಿ ಸಕ್ಕರೆ ಮಿಠಾಯಿ ಹಾಕಿದೆ. ಮೂರು ಗಂಟೆಯಿಂದ ಮನೆಮನೆಗೆ ಹಂಚಿದೆ. ನಮ್ಮವರಿಗೆ, ಕೆಳಗಿನ ಜಪಾನಿ ಅಜ್ಜನಿಗೆ, ಮಹಿಳಾ ಘಟಕದವರಿಗೆ. ಮನಸ್ಸು ಮಾಡಬೇಡ ಲೀಲಾ, ಮನಸ್ಸು ಮಾಡಬೇಡ ಅಂತ ಮೆಟ್ಟಿಲು ಹತ್ತುವಾಗ ಇಳಿಯುವಾಗ ನನಗೆ ನಾನೇ ಹೇಳಿಕೊಂಡೆ. ಬೇಕೆಂದೇ ಕೆಟ್ಟದ್ದನ್ನೆಲ್ಲ ಯೋಚಿಸಿದೆ — ಬೆಳಗಿನ ಚಳಿ, ಸೊಂಟ, ಕಸದ ಡಬ್ಬಿಗೆ ಬಿದ್ದ ಕರಪತ್ರ.

ಕೊನೆಗೆ ಎರಡನೇ ಮಹಡಿ. ಅವಳಿಗೆ ಎಳ್ಳಿನ ಪೊಟ್ಟಣ. ಕಾಯಿ, ಎಲೆಯಡಿಕೆ, ರವಿಕೆ ಕಣ ಎರಡು — ಒಂದು ಅವಳ ಅಮ್ಮನದು.

ಬೆಲ್ ಒತ್ತಿದೆ. ಬಾಗಿಲ ಪಕ್ಕದ ಇಂಟರ್‌ಕಾಮಿನ ದೀಪ ಹತ್ತಿತು. ಒಳಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿದ್ದಾಳೆ.

"ವಸೂ, ಎಳ್ಳು ಬೆಲ್ಲ ತಂದಿದೀನಿ."

ಇಂಟರ್‌ಕಾಮಿನಲ್ಲಿ ದನಿ ಬಂತು. "ಇವತ್ತು ಕೊಡಬಹುದಾ?"

"ಏಳು ಗಂಟೆವರೆಗೂ ಕೊಡಬಹುದು."

"ಅಮ್ಮ ಹೋಗಿಯಾಯ್ತಲ್ಲ."

"ಗೊತ್ತು. ಬಾಲ್ಕನಿಯಿಂದ ನೋಡಿದೆ. ಇಳಿದು ಬರಲಿಲ್ಲ. ತಪ್ಪಾಯ್ತು."

ದೀಪ ಆರಿತು. ಬಾಗಿಲು ತೆರೆಯುತ್ತದೆ ಅಂತ ನಿಂತೆ, ನಿಂತೇ ಇದ್ದೆ. ಆಮೇಲೆ ಬ್ಯಾಗನ್ನು ಹಿಡಿಕೆಗೆ ನೇತುಹಾಕಿ ಬಂದೆ.

ಈಗ ಮೇಜಿನ ಮುಂದೆ ಕೂತಿದ್ದೇನೆ. ಬೆರಳು ಉರಿಯುತ್ತಿದೆ. ಎಲ್ಲರಿಗೂ ಕೊಟ್ಟೆ, ಬೇಕಾದವಳಿಗೆ ಬಾಗಿಲ ಹಿಡಿಕೆ. ಸೋತದ್ದು ಆವತ್ತಲ್ಲ, ಇವತ್ತು ಅನ್ನಿಸುತ್ತಿದೆ. ಸಾಕು. ಏಳಾಗಲಿ. ನೋನಾಕಾ ಸಾನ್ ಫೋನ್ ಮಾಡಲಿ, ಹೂಂ ಅನ್ನುತ್ತೇನೆ. ಮತ್ತೆ ಬಾಗುತ್ತೇನೆ. ಕೊಡಲು ಯಾರೂ ಇಲ್ಲದವಳಿಗೆ ಆ ಕಾನೂನಿನಿಂದ ಏನು ನಷ್ಟ.

ಕೆಳಗೆ ಯಾರದೋ ಬಾಗಿಲು.

ಚಪ್ಪಲಿ. ಪಟ್, ಪಟ್.

ಹೊರಗೆ ಹೋಗುತ್ತಿರಬೇಕು, ಅಂಗಡಿಗೆ... ಇಲ್ಲ. ಹತ್ತುತ್ತಿದೆ. ಮೂರನೇ ಮಹಡಿ. ನಿಂತಿತು. ದಾರಿಯಲ್ಲಿ ನಿಂತು ಏನು ಯೋಚಿಸುತ್ತಾಳೋ ಪುಣ್ಯಾತ್ಗಿತ್ತಿ, ಬಾರೇ, ಬಾ —

ಮತ್ತೆ ಪಟ್ ಪಟ್.

ಫೋನು. ನೋನಾಕಾ ಸಾನ್, ಹೇಳಿದ್ದಕ್ಕಿಂತ ಮೊದಲೇ. ಹೊಡೆದುಕೊಳ್ಳಲಿ. ನಾನಿನ್ನೂ ಮನಸ್ಸು ಮಾಡಿಲ್ಲ. ಮೊದಲು ಬಾಗಿಲು —